ಯಾವ ಮನೆಗೂ, ಯಾವ ಕಾರಣಕ್ಕೂ

ಕರೆಂಟು ಹೋಗುವುದರ ಬಗ್ಗೆ ವೆಂಕಟಾಚಲ ಅವರಿಗೆ ಅಂಥ ಸಿಟ್ಟೇನೂ ಇರಲಿಲ್ಲ. ಹೇಳದೆ ಕೇಳದೆ ಹೋಗುವುದರ ಬಗ್ಗೆ ಇತ್ತು. ಯಾವುದಕ್ಕೂ ಒಂದು ಕ್ರಮ ಇರಬೇಕು ಎನ್ನುವ ಮನುಷ್ಯ. ವಿಮಾ ಕಚೇರಿಯ ಕ್ಲೇಮು ವಿಭಾಗದಲ್ಲಿ ಮೂವತ್ತಮೂರು ವರ್ಷ ಕೂತು, ಯಾರ ಅರ್ಜಿಯನ್ನು ಯಾವ ಕಲಮಿನಡಿ ತಿರಸ್ಕರಿಸಬಹುದು ಎಂದು ನಿದ್ದೆಗಣ್ಣಿನಲ್ಲೂ ಹೇಳುವಷ್ಟು ಪಳಗಿದ್ದರು. ಎದುರಿಗೆ ಕೂತು ಅಳುವವರನ್ನು ಕಂಡರೆ ಬೇಜಾರಾಗುತ್ತಿರಲಿಲ್ಲ ಎಂದಲ್ಲ. ಆದರೆ ಅಳುವಿಗೆ ಫಾರಮ್ಮಿನಲ್ಲಿ ಜಾಗವಿರಲಿಲ್ಲ.

ನಿವೃತ್ತರಾದ ಮೇಲೆ ಆ ಶಿಸ್ತನ್ನೆಲ್ಲ ಸಿ.ವಿ. ರಾಮನ್ ನಗರದ ತಮ್ಮ ಅಪಾರ್ಟ್‌ಮೆಂಟಿಗೆ ಧಾರೆಯೆರೆದರು. ಮೂರು ಮಹಡಿ, ಹದಿನೆಂಟು ಮನೆ, ಅದಕ್ಕೊಂದು ಸಂಘ, ಸಂಘಕ್ಕೆ ಇವರೇ ಕಾರ್ಯದರ್ಶಿ. ಜನರೇಟರ್ ಬಂದಾಗ ನಿಯಮ ಬರೆದವರೂ ಇವರೇ. ಅದರ ಕರೆಂಟು ಲಿಫ್ಟಿಗೆ, ನೀರಿನ ಮೋಟಾರಿಗೆ, ಮೆಟ್ಟಿಲ ದೀಪಕ್ಕೆ ಮಾತ್ರ. ಯಾವ ಮನೆಗೂ, ಯಾವ ಕಾರಣಕ್ಕೂ ಕೊಡತಕ್ಕದ್ದಲ್ಲ. ಒಬ್ಬರಿಗೆ ಕೊಟ್ಟರೆ ಎಲ್ಲರಿಗೂ ಕೊಡಬೇಕಾಗುತ್ತದೆ. ಆ ಕೊನೆಯ ವಾಕ್ಯದ ಮೇಲೆ ಅವರಿಗೆ ವಿಶೇಷ ಪ್ರೀತಿ.

ಆಗ ಮೊದಲ ಮಹಡಿಯಲ್ಲಿ ಖುರ್ಷೀದ್ ಎಂಬಾಕೆ ಬಾಡಿಗೆಗಿದ್ದರು. ಗಂಡನದು ಶಿವಾಜಿನಗರದಲ್ಲಿ ಬಟ್ಟೆ ಅಂಗಡಿ. ಪುಟ್ಟ ಮಗಳು ಲುಬ್ನಾಗೆ ಆಸ್ತಮಾ. ಕರೆಂಟು ಹೋದಾಗ ಆಕೆ, ಮೆಟ್ಟಿಲ ದೀಪದ ಲೈನಿನಲ್ಲೇ ಇದ್ದ ಕಾರಿಡಾರಿನ ಪ್ಲಗ್ಗಿನಿಂದ ವೈರು ಎಳೆದು ಮಗುವಿಗೆ ನೆಬ್ಯುಲೈಸರ್ ಹಿಡಿಯುತ್ತಿದ್ದರು. ಒಂದು ಮಧ್ಯಾಹ್ನ ಅದು ವೆಂಕಟಾಚಲ ಅವರ ಕಣ್ಣಿಗೆ ಬಿತ್ತು. ನೇರವಾಗಿ ಬಂದು ವೈರು ಕಿತ್ತರು.

"ಹತ್ತು ನಿಮಿಷ ಸಾರ್. ಮಗು ಉಸಿರು ತಗೊಳ್ಳಲಿ, ನಾನೇ ತೆಗೀತೀನಿ," ಎಂದರು ಖುರ್ಷೀದ್.

"ಇವತ್ತು ಹತ್ತು ನಿಮಿಷ ಅಂತೀರಿ, ನಾಳೆ ಫ್ರಿಜ್ಜು ಅಂತೀರಿ," ಎಂದು ಇವರು ವೈರನ್ನು ನೀಟಾಗಿ ಸುತ್ತಿ ಆಕೆಯ ಕೈಗಿಟ್ಟರು. ಮುಂದಿನ ವಾರ ಎಲ್ಲ ಮಹಡಿಗಳ ಕಾರಿಡಾರಿನ ಪ್ಲಗ್ಗುಗಳನ್ನೂ ತೆಗೆಸಿ, ಗೂಡಿಗೆ ಸಿಮೆಂಟು ಮೆತ್ತಿಸಿ ಬಣ್ಣ ಹೊಡೆಸಿದರು. ಹೆಂಡತಿ ಅಲಮೇಲು ಎರಡು ದಿನ ಇವರ ಜೊತೆ ಮಾತಾಡಲಿಲ್ಲ. ಕೆಲವು ತಿಂಗಳಲ್ಲಿ ಖುರ್ಷೀದ್ ಮನೆ ಖಾಲಿ ಮಾಡಿಕೊಂಡು ಹೋದರು.

ಇದಾಗಿ ಆರು ವರ್ಷ. ಈಗ ಅಲಮೇಲು ಅವರಿಗೇ ಶ್ವಾಸಕೋಶದ ಕಾಯಿಲೆ. ಹಗಲೂ ರಾತ್ರಿ ಮೂಗಿಗೆ ಆಕ್ಸಿಜನ್ ಮೆಷಿನ್ನಿನ ನಳಿಗೆ. ಮೆಷಿನ್ನು ಕರೆಂಟಿನದು. ಯುಪಿಎಸ್ ಮುಕ್ಕಾಲು ಗಂಟೆ ಎಳೆಯುತ್ತದೆ, ಅದೂ ಬ್ಯಾಟರಿ ತುಂಬಿದ್ದರೆ. ರಸ್ತೆ ಅಗೆದರೂ ಕರೆಂಟಿಲ್ಲ, ಗಾಳಿ ಬೀಸಿದರೂ ಇಲ್ಲ, ಎರಡೂ ಇಲ್ಲದ ದಿನ ರಿಪೇರಿ ಎಂದು ಇಲ್ಲ. ಬ್ಯಾಟರಿ ತುಂಬುವುದಾದರೂ ಯಾವಾಗ? ಯುಪಿಎಸ್ ಕೂಗಿದ್ದು ಕೇಳಿಸಬೇಕೆಂದು ವೆಂಕಟಾಚಲ ಸ್ನಾನದ ಮನೆಯ ಚಿಲಕ ಹಾಕುವುದನ್ನೇ ಬಿಟ್ಟಿದ್ದರು.

ಜನರೇಟರಿನಿಂದ ಒಂದೇ ಒಂದು ಲೈನು ಕೇಳಲು ಹೊಸ ಕಾರ್ಯದರ್ಶಿ ಜಯಂತ್‌ನ ಮನೆಗೆ ಹೋದರು. ಒಳ್ಳೆಯ ಹುಡುಗ, ಕಾಫಿ ಕೊಟ್ಟ, ಸಂಘದ ಪುಸ್ತಕವನ್ನೂ ತಂದಿಟ್ಟ.

"ಅಂಕಲ್, ನಿಮ್ ಹ್ಯಾಂಡ್‌ರೈಟಿಂಗಲ್ಲೇ ಇದೆ ನೋಡಿ. ಒಬ್ರಿಗೆ ಕೊಟ್ರೆ ಎಲ್ರಿಗೂ ಕೊಡ್ಬೇಕಾಗುತ್ತೆ. ಜನರಲ್ ಬಾಡಿ ಮೀಟಿಂಗಲ್ಲಿ ಇಡೋಣ."

ವೆಂಕಟಾಚಲ ತಮ್ಮದೇ ಅಕ್ಷರವನ್ನು ಎರಡು ಸಲ ಓದಿದರು. ನುಸುಳಲು ಸಂದು ಎಲ್ಲೂ ಇರಲಿಲ್ಲ. ಅಷ್ಟು ಚೆನ್ನಾಗಿ ಬರೆದಿದ್ದಕ್ಕೆ ತಮ್ಮನ್ನು ತಾವೇ ಶಪಿಸಿಕೊಂಡು ಎದ್ದು ಬಂದರು.

ಆ ಶನಿವಾರ ಹನ್ನೊಂದಕ್ಕೆ ಹೋದ ಕರೆಂಟು ಹನ್ನೊಂದೂವರೆಯಾದರೂ ಬರಲಿಲ್ಲ. ಯುಪಿಎಸ್ ಕೂಗತೊಡಗಿತು. ಆಪತ್ತಿಗೆಂದು ಇಟ್ಟಿದ್ದ ಸಿಲಿಂಡರು ಹಿಂದಿನ ದಿನವೇ ಖಾಲಿ. ಹೊಸದನ್ನು ತರುವ ಗಾಡಿ ಮಾರತ್ತಹಳ್ಳಿಯ ಟ್ರಾಫಿಕ್ಕಿನಲ್ಲಿ. ವೆಂಕಟಾಚಲ ಎಕ್ಸ್‌ಟೆನ್ಷನ್ ಬಾಕ್ಸು ಹಿಡಿದು ಕಾರಿಡಾರಿಗೆ ಓಡಿದರು. ಗೋಡೆಯ ಮೇಲೆ ಕೈಯಾಡಿಸಿದರು. ನುಣ್ಣನೆ ಬಣ್ಣ. ತೆಗೆಸಿದ್ದು ತಾವೇ ಎಂಬುದು ಗಾಬರಿಯಲ್ಲಿ ಮರೆತೇಹೋಗಿತ್ತು.

ಲಿಫ್ಟು ಮಾತ್ರ ಜನರೇಟರಿನ ಮೇಲೆ ಸುಖವಾಗಿ ಓಡಾಡುತ್ತಿತ್ತು. ಹೆಂಡತಿಯನ್ನೂ ಮೆಷಿನ್ನನ್ನೂ ಅದರಲ್ಲಿ ಇಳಿಸಿ ವಾಚ್‌ಮನ್ ಚಿಕ್ಕವೆಂಕಟಪ್ಪನ ಮುಂದೆ ನಿಂತರು. ಚಿಕ್ಕವೆಂಕಟಪ್ಪ ಅಲಮೇಲು ಅವರ ಮುಖ ನೋಡಿದ. ಅವರನ್ನು ತನ್ನ ಕೋಣೆಯಲ್ಲಿ ಕೂರಿಸಿ, ಗೋಡೆಯ ಕ್ಯಾಲೆಂಡರ್ ತೆಗೆದ. ಹಿಂದೆ ಒಂದು ಪ್ಲಗ್ಗಿತ್ತು.

"ಇದನ್ನೂ ಮುಚ್ಸು ಅಂದಿದ್ರಿ ಸಾರ್. ನಾನು ಮುಚ್ಸಲಿಲ್ಲ. ಖುರ್ಷೀದಮ್ಮ ಮಗೂನ ಇಲ್ಲಿಗೇ ಕರ್ಕೊಂಡ್ ಬರ್ತಿದ್ರು."

ಮೆಷಿನ್ನು ಶುರುವಾಯಿತು. ಕಿಟಕಿಯಿಂದ ಜನರೇಟರಿನ ಹೊಗೆ ಒಳಗೆ ಬರುತ್ತಿತ್ತು. ಅಲಮೇಲು ಬಹಳ ಹೊತ್ತು ಸುಧಾರಿಸಿಕೊಂಡು, ಆ ಮಗು ಈಗ ಹೇಗಿದೆ ಎಂದು ಕೇಳಿದರು. ಗಂಡನನ್ನಲ್ಲ, ಚಿಕ್ಕವೆಂಕಟಪ್ಪನನ್ನು. ಅವನಿಗೆ ಗೊತ್ತಿತ್ತು. ಲಿಂಗರಾಜಪುರದಲ್ಲಿದ್ದಾರೆ, ಹುಡುಗಿ ಹೈಸ್ಕೂಲು ಎಂದ. ವೆಂಕಟಾಚಲ ಹೊಸಿಲಲ್ಲಿ ನಿಂತೇ ಇದ್ದರು.

ಆಮೇಲೆ ಅದೇ ರೂಢಿಯಾಯಿತು. ಕರೆಂಟು ಹೋದಾಗಲೆಲ್ಲ ಲಿಫ್ಟು, ಕೋಣೆ, ಹೊಗೆ. ಕರೆಂಟು ಬಂದ ಮೇಲೆ ಕ್ಯಾಲೆಂಡರನ್ನು ಮತ್ತೆ ಮೊಳೆಗೆ ನೇತುಹಾಕುತ್ತಿದ್ದವರು ವೆಂಕಟಾಚಲ ಅವರೇ. ಪ್ಲಗ್ಗಿನ ಸುದ್ದಿ ಬಯಲಾದರೆ ಅದೂ ಹೋಗುತ್ತದೆ, ಚಿಕ್ಕವೆಂಕಟಪ್ಪನ ಕೆಲಸವೂ ಹೋಗುತ್ತದೆ.

ಮೀಟಿಂಗು ಒಂದು ಭಾನುವಾರ ಸಂಜೆ, ಕೆಳಗೆ ಪಾರ್ಕಿಂಗಿನಲ್ಲಿ, ವಾಚ್‌ಮನ್ ಕೋಣೆಯ ಎದುರಿಗೇ ನಡೆಯಿತು. ಶುರುವಾಗುತ್ತಿದ್ದಂತೆ ಕರೆಂಟು ಹೋಯಿತು. ಜನರೇಟರಿನ ಸದ್ದನ್ನು ಮೀರಿಸಿ ಕಾರು ನಿಲ್ಲಿಸುವ ಜಾಗದ ಜಗಳ ಅರ್ಧ ಗಂಟೆ ನಡೆಯಿತು. ವೆಂಕಟಾಚಲ ಗಡಿಯಾರ ನೋಡುತ್ತಿದ್ದರು. ಮೇಲೆ ಯುಪಿಎಸ್ ಇನ್ನು ಹದಿನೈದು ನಿಮಿಷ. ಇಷ್ಟು ಜನ ಕೋಣೆಯ ಮುಂದೆ ಕೂತಿರುವಾಗ ಅಲಮೇಲು ಇಳಿದು ಬರುವುದು ಹೇಗೆ?

ಕೊನೆಗೆ ಜಯಂತ್ ಎದ್ದು, "ಲಾಸ್ಟ್ ಪಾಯಿಂಟು, ಅಂಕಲ್‌ದು ಜನರೇಟರ್ ಲೈನ್ ವಿಷಯ. ಡಿಸ್ಕಸ್ ಮಾಡೋಣ್ವಾ?" ಎಂದ.

ಯಾರೋ ಕೈಯೆತ್ತಿದರು, ಇನ್ಯಾರೋ ಕುರ್ಚಿ ಹತ್ತಿರ ಎಳೆದುಕೊಂಡರು. ಇನ್ನೊಂದು ಗಂಟೆಯ ಮಾತು ಅದು.

"ಅರ್ಜೆಂಟ್ ಏನಿಲ್ಲ," ಎಂದರು ವೆಂಕಟಾಚಲ. "ನಾನೇ ವಾಪಸ್ ತಗೋತೀನಿ. ಮೀಟಿಂಗ್ ಮುಗ್ಸಿ."

ಎಲ್ಲರೂ ಕುರ್ಚಿ ಮಡಚಿ ಎದ್ದರು. ಪಾರ್ಕಿಂಗು ಖಾಲಿಯಾಗುವವರೆಗೆ ಕಾದು ಅವರು ಲಿಫ್ಟು ಹತ್ತಿದರು. ಮನೆಯೊಳಗೆ ಯುಪಿಎಸ್ ಕೂಗುತ್ತಿತ್ತು. ಅಲಮೇಲು ಚಪ್ಪಲಿ ಹಾಕಿಕೊಂಡು ಬಾಗಿಲ ಬಳಿ ಕೂತಿದ್ದರು.