ಆ ಕಾರಿಗೆ ನಾನು ಹಾಕಿದ ಆಯಿಲ್

ನಾನು ಓದು ನಿಲ್ಲಿಸಿದ್ದು ೧೯೮೧ರಲ್ಲಿ, ಎಂಟನೇ ಕ್ಲಾಸಿನ ನಡುವೆ. ಮೇಷ್ಟ್ರು ಹೊಡೆದರು ಅಂತಲ್ಲ, ಮನೆಯಲ್ಲಿ ಊಟಕ್ಕೆ ಕಷ್ಟವಿತ್ತು ಅಂತಲೂ ಅಲ್ಲ. ಇಂಗ್ಲಿಷ್ ಪಾಠವನ್ನು ಒಬ್ಬೊಬ್ಬರಾಗಿ ಎದ್ದು ನಿಂತು ಓದಬೇಕಿತ್ತು. ನನ್ನ ಸರದಿ ಬಂದಾಗ ಅಕ್ಷರಗಳು ಕಾಣುತ್ತಿದ್ದವು, ಬಾಯಿಂದ ಏನೂ ಹೊರಡುತ್ತಿರಲಿಲ್ಲ. ಹಿಂದಿನ ಬೆಂಚಿನವರು ನಗುತ್ತಿದ್ದರು. ಒಂದು ಸೋಮವಾರ ಶಾಲೆಗೆ ಹೋಗುವ ದಾರಿಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿಯ ಮುಂದೆ ನಿಂತೆ. ಬಿಚ್ಚಿ ಹರಡಿದ್ದ ಎಂಜಿನ್ ನೋಡುತ್ತಾ ನಿಂತವನು ಮುಂದಕ್ಕೆ ಹೋಗಲೇ ಇಲ್ಲ.

ಆಮೇಲೆ ಚಿಂತಾಮಣಿಯಲ್ಲಿ ಏಳು ವರ್ಷ ಕಾರು, ಜೀಪುಗಳ ಕೆಲಸ ಕಲಿತೆ. ೧೯೮೯ರಲ್ಲಿ ಶಿಡ್ಲಘಟ್ಟದಲ್ಲಿ, ಚಿಂತಾಮಣಿ ರಸ್ತೆಯ ಪಕ್ಕ, ಸ್ವಂತ ಶೆಡ್ ಹಾಕಿದೆ. ಬೆಳಿಗ್ಗೆ ಏಳಕ್ಕೆ ಬಾಗಿಲು ತೆಗೆದರೆ ಕತ್ತಲಾಗುವವರೆಗೆ ಕೂರುತ್ತಿರಲಿಲ್ಲ. ಗಾಡಿ ಇನ್ನೂ ತಿರುವಿನಲ್ಲಿರುವಾಗಲೇ ಶಬ್ದ ಕೇಳಿ ಏನು ಕೆಟ್ಟಿದೆ ಎಂದು ಹೇಳುತ್ತಿದ್ದೆ. ಡಿಗ್ರಿ ಮಾಡಿದವರು ಸ್ಕೂಟರ್ ನಿಲ್ಲಿಸಿ, ನಾನು ಏನು ಹೇಳುತ್ತೇನೋ ಎಂದು ನನ್ನ ಮುಖ ನೋಡುತ್ತಾ ನಿಲ್ಲುತ್ತಿದ್ದರು. ಅದು ನನಗೆ ಇಷ್ಟವಾಗುತ್ತಿತ್ತು. ಸುಳ್ಳು ಯಾಕೆ ಹೇಳಲಿ.

ಶೆಡ್ಡಿನ ಎದುರಿಗೆ ರೇಷ್ಮೆ ನೂಲು ತೆಗೆಯುವ ಒಂದು ಫಿಲೇಚರ್ ಇತ್ತು. ಅದರ ಯಜಮಾನರನ್ನು ಬೀದಿಯವರೆಲ್ಲ ಸಾಹೇಬರು ಎನ್ನುತ್ತಿದ್ದರು. ಅರವತ್ತು ದಾಟಿದ ಮನುಷ್ಯ. ಅವರ ಬಳಿ ಇಂಗ್ಲೆಂಡಿನಲ್ಲಿ ತಯಾರಾದ ಒಂದು ಕಪ್ಪು ಕಾರಿತ್ತು, ವಯಸ್ಸಿನಲ್ಲಿ ನನಗಿಂತ ದೊಡ್ಡದು. ಅವರ ತಂದೆ ಬೆಂಗಳೂರಿನ ದಂಡು ಪ್ರದೇಶದಲ್ಲಿದ್ದ ಒಬ್ಬ ಡಾಕ್ಟರಿಂದ ಕೊಂಡದ್ದಂತೆ. ಸಾಹೇಬರು ಅದನ್ನು ಇಟ್ಟುಕೊಂಡದ್ದು ಷೋಕಿಗಲ್ಲ. ಅವರ ಹೆಂಡತಿ ಬೀಬಿಯವರಿಗೆ ಎರಡೂ ಮಂಡಿ ಮಡಚಲು ಬರುತ್ತಿರಲಿಲ್ಲ. ಬಸ್ಸಿನ ಮೆಟ್ಟಿಲು ಹತ್ತಲಾರರು. ಬೇರೆ ಕಾರುಗಳಲ್ಲಿ ಬಗ್ಗಿ ನುಸುಳಲಾರರು. ಈ ಕಾರಿನ ಹಿಂದಿನ ಸೀಟಿನ ಬಾಗಿಲು ಮಾತ್ರ ಉಲ್ಟಾ, ಹಿಂದಕ್ಕೆ ತೆರೆದುಕೊಳ್ಳುತ್ತಿತ್ತು. ಬಾಗಿಲು ಅಗಲ, ಸೀಟು ಕುರ್ಚಿಯಷ್ಟು ಎತ್ತರ. ಬೀಬಿಯವರು ಬೆನ್ನು ತಿರುಗಿಸಿ ನಿಂತು, ಕುರ್ಚಿಯಲ್ಲಿ ಕೂತಂತೆ ಕೂತು, ಚಾಚಿದ ಕಾಲುಗಳನ್ನು ಹಾಗೆಯೇ ಒಳಗೆ ಎಳೆದುಕೊಳ್ಳುತ್ತಿದ್ದರು.

ತಿಂಗಳಿಗೊಂದು ಭಾನುವಾರ ಹೀಗೆ ಕೂತು ಗೌರಿಬಿದನೂರಿಗೆ ಹೋಗುವರು. ಅಲ್ಲಿ ಅವರು ಆಪಾ ಎಂದು ಕರೆಯುತ್ತಿದ್ದ ಅಕ್ಕ ಹಾಸಿಗೆ ಹಿಡಿದಿದ್ದರು. ಅಕ್ಕನಿಗೆ ಕಿವಿ ಪೂರ್ತಿ ಹೋಗಿದ್ದರಿಂದ ಫೋನಿನಲ್ಲಿ ಮಾತಾಡುವ ಹಾಗಿರಲಿಲ್ಲ. ಇವರೇ ಹೋಗಿ ಪಕ್ಕದಲ್ಲಿ ಕೂತು ಕೈ ಹಿಡಿದುಕೊಳ್ಳಬೇಕು, ಅಷ್ಟೇ ಅವರಿಬ್ಬರ ಮಾತುಕತೆ. ಸಾಹೇಬರ ಕಣ್ಣು ಮಂಜಾದ ಮೇಲೆ ಆ ಭಾನುವಾರಗಳಲ್ಲಿ ಕಾರು ಓಡಿಸುವುದು ನನ್ನ ಪಾಲಿಗೆ ಬಂತು.

ಕಾರಿಗೆ ಆಯಿಲ್ ಆರಿಸುವುದಕ್ಕೆ ಸಾಹೇಬರದೇ ಒಂದು ಪದ್ಧತಿ ಇತ್ತು. ಬಾವಿಯ ಹಳೇ ಪಂಪ್‌ಸೆಟ್ಟುಗಳಿಗೆ ಹಾಕುವ ನಲವತ್ತು ನಂಬರಿನ ಸಾದಾ ಆಯಿಲನ್ನೇ ಪೇಟೆಯ ಬ್ಯಾರೆಲ್ಲಿನಿಂದ ಬಿಡಿಯಾಗಿ ತರಿಸುವರು. ಹೆಬ್ಬೆರಳು, ತೋರುಬೆರಳಿನ ನಡುವೆ ಒಂದು ಹನಿ ಇಟ್ಟು, ಮೆಲ್ಲನೆ ಬೆರಳು ಅಗಲಿಸಿ, ಎಳೆ ಎಷ್ಟು ಉದ್ದ ಬರುತ್ತದೆಂದು ನೋಡುವರು. ಗೂಡಿನಿಂದ ನೂಲು ತೆಗೆದು ಪಳಗಿದ ಬೆರಳುಗಳು. ಎಳೆ ಬೇಗ ತುಂಡಾದರೆ, "ಇದರಲ್ಲಿ ದಮ್ ಇಲ್ಲ, ವಾಪಸ್ ಕೊಟ್ಬಿಡಿ" ಅನ್ನುವರು. ಹಳೇ ಆಯಿಲನ್ನು ಪೂರ್ತಿ ಬಸಿಯುವ ಪದ್ಧತಿಯೂ ಇರಲಿಲ್ಲ, ಕಡಿಮೆಯಾದಷ್ಟು ಸೇರಿಸುವುದು. ನನಗೆ ಒಳಗೊಳಗೇ ನಗು. ಎಂಜಿನ್ ಏನು ರೇಷ್ಮೆ ಗೂಡೇ?

ಆಯುಧಪೂಜೆ ಹತ್ತಿರ ಬಂದರೆ ನಮ್ಮ ಕಡೆ ಎಲ್ಲ ಗಾಡಿಗಳಿಗೂ ಹೊಸ ಆಯಿಲ್ ಹಾಕಿಸುತ್ತಾರೆ. ಸಾಹೇಬರೂ ಕಾರನ್ನು ನನ್ನ ಶೆಡ್ಡಿಗೆ ಕಳಿಸಿ, "ನಿಮ್ಮ ಹಬ್ಬ, ನಮ್ಮ ಗಾಡಿ, ಕುಂಬಳಕಾಯಿ ದೊಡ್ಡದೇ ಒಡೀರಿ ಮೇಸ್ತ್ರಿ" ಅನ್ನುತ್ತಿದ್ದರು. ೧೯೯೨ರ ಹಬ್ಬಕ್ಕೆ ಮುಂಚೆ ಚಿಕ್ಕಬಳ್ಳಾಪುರಕ್ಕೆ ಸಾಮಾನು ತರಲು ಹೋದಾಗ ಹೊಸದೊಂದು ಅಂಗಡಿಯಲ್ಲಿ ಸೀಲ್ ಮಾಡಿದ ಹೊಳೆಯುವ ಡಬ್ಬಗಳನ್ನು ಕಂಡೆ.

"ಇನ್ನೂ ಬ್ಯಾರೆಲ್ ಆಯಿಲ್ ಹಾಕ್ತಿದ್ದೀರಾ ಅಣ್ಣ?" ಅಂದ ಅಂಗಡಿಯವನು. "ಇದ್ರಲ್ಲಿ ಎರಡು ನಂಬರ್ ಇದೆ ನೋಡಿ. ಚಳಿಗೆ ಇಪ್ಪತ್ತು, ಬಿಸಿಗೆ ಐವತ್ತು. ಫಾರಿನ್ ಗಾಡಿಗಳೆಲ್ಲ ಕುಡಿಯೋದು ಇದನ್ನೇ."

ಇಪ್ಪತ್ತು, ಐವತ್ತು. ನಲವತ್ತು ಅವೆರಡರ ನಡುವೆಯೇ ಬರುತ್ತದಲ್ಲ ಎಂದು ಲೆಕ್ಕ ಹಾಕಿದೆ. ಅಂಥ ಕಾರಿಗೆ ಪಂಪ್‌ಸೆಟ್ಟಿನ ಆಯಿಲ್ ಕುಡಿಸುವುದೇ ಅವಮಾನ ಅನ್ನಿಸಿತು. ಡಬ್ಬಗಳನ್ನು ತಂದೆ.

ಸಾಹೇಬರು ಡಬ್ಬವನ್ನು ತಿರುಗಿಸಿ ತಿರುಗಿಸಿ ನೋಡಿದರು. "ನಮ್ಮ ಅಬ್ಬಾ ಕಾಲದಿಂದ ಬ್ಯಾರೆಲ್ದೇ ಹಾಕಿರೋದು. ಗಾಡಿ ಒಂದು ದಿನ ಮುನಿಸ್ಕೊಂಡಿಲ್ಲ."

"ಇದು ಅದಕ್ಕಿಂತ ಮೇಲಿಂದು ಸಾಹೇಬ್ರೆ."

ಅವರು ಮನೆಗೆ ಹೋಗಿ ಬಟ್ಟೆಯಲ್ಲಿ ಸುತ್ತಿದ್ದ ಒಂದು ಪುಸ್ತಕ ತಂದರು. ಕಾರಿನ ಜೊತೆಗೇ ಬಂದದ್ದು, ಪೂರ್ತಿ ಇಂಗ್ಲಿಷ್. "ಇದ್ರಲ್ಲಿ ಏನು ಬರೆದವ್ರೆ ಒಂದ್ಸಲ ನೋಡ್ಬಿಡಿ. ನನಗೆ ಉರ್ದು, ಕನ್ನಡ ಬಿಟ್ರೆ ಬರಲ್ಲ."

ಶೆಡ್ಡಿನಲ್ಲಿ ಆಗ ಫಿಲೇಚರಿನ ಇಬ್ಬರು ಕೆಲಸಗಾರರು ನಿಂತಿದ್ದರು. ಪಕ್ಕದ ಪಂಪ್‌ಸೆಟ್ ಮೆಕ್ಯಾನಿಕ್ ಬೀಡಿ ಸೇದುತ್ತಾ ಕೂತಿದ್ದ. ನಾನು ಪುಟ ತಿರುವಿದೆ. ಎಂಜಿನ್ನಿನ ಚಿತ್ರವಿದ್ದ ಒಂದು ಪುಟದಲ್ಲಿ ನಿಲ್ಲಿಸಿ, ಸಾಲುಗಳ ಕೆಳಗೆ ಬೆರಳು ಎಳೆದೆ. ಎಂಟನೇ ಕ್ಲಾಸಿನಲ್ಲಿ ನಿಂತಂತೆಯೇ ಇತ್ತು. ಆದರೆ ಇಲ್ಲಿ ನಗುವವರು ಯಾರೂ ಇರಲಿಲ್ಲ, ನಗಲು ನಾನು ಬಿಡುವವನೂ ಅಲ್ಲ.

"ಪುಸ್ತಕದಲ್ಲೂ ಇದೇ ಇದೆ ಸಾಹೇಬ್ರೆ" ಅಂದೆ.

ಅವರು ಒಂದು ಕ್ಷಣ ನನ್ನನ್ನು ನೋಡಿದರು. "ಇದ್ರೆ ಆಯ್ತು" ಅಂದರು.

ಹಳೆಯದನ್ನು ಪೂರ್ತಿ ಬಸಿದು ಹೊಸದನ್ನು ತುಂಬಿದೆ. ಒಂದು ವಾರ ಬಿಟ್ಟು ಅಳತೆ ಕಡ್ಡಿ ಎಳೆದು ನೋಡಿದರೆ ಆಯಿಲ್ ಇದ್ದಿಲಿನ ಹಾಗೆ ಕಪ್ಪಾಗಿತ್ತು. ಪಕ್ಕದವನು ಇಣುಕಿ ನೋಡಿದ.

"ಏಮಪ್ಪಾ, ಕಾರಿಗೆ ಸೀಗೇಪುಡಿ ಹಾಕಿ ತಲೆಗೆ ನೀರು ಹಾಕ್ದಂಗೆ ಐತಲ್ಲ!"

"ಒಳಗಿನ ಕೊಳೆ ಬಿಡ್ತಾ ಐತೆ ಕಣೋ. ಒಳ್ಳೇ ಆಯಿಲ್ ಗುಣ ಅದು."

"ಬಿಟ್ಟಿದ್ ಕೊಳೆ ಎಲ್ಲಿಗ್ ಹೋಯ್ತದೆ?"

"ನಿನ್ನ ಪಂಪ್‌ಸೆಟ್ ಅಲ್ಲ ಇದು, ಸುಮ್ನಿರೋ" ಅಂದೆ. ಅವನು ಕೇಳಿದ ಪ್ರಶ್ನೆಯನ್ನು ನಾನು ಕೇಳಿಕೊಳ್ಳಬೇಕಿತ್ತು.

ಹಬ್ಬ ಕಳೆದ ಮೇಲಿನ ಮೊದಲ ಭಾನುವಾರ ಎಂಜಿನ್ ಸದ್ದೇ ಇಲ್ಲದೆ ಓಡಿತು. "ಇವತ್ತು ಗಾಡಿ ಮಾತೇ ಆಡ್ತಿಲ್ಲ ಬೇಟಾ" ಎಂದು ಬೀಬಿಯವರು ಹಿಂದಿನಿಂದ ಹೇಳಿದಾಗ ನಾನು ಸೀಟಿನಲ್ಲಿ ಎರಡು ಇಂಚು ಎತ್ತರವಾದೆ.

ಮುಂದಿನ ತಿಂಗಳು ಹೋದಾಗ ಮಂಚೇನಹಳ್ಳಿ ದಾಟಿ ಸ್ವಲ್ಪ ದೂರ ಬಂದಿದ್ದೆವು. ಆಯಿಲ್ ಒತ್ತಡ ತೋರಿಸುವ ಮುಳ್ಳು ಮೆಲ್ಲಗೆ ಕೆಳಗಿಳಿಯತೊಡಗಿತು. ನಿಲ್ಲಿಸಿ ಕಡ್ಡಿ ಎಳೆದು ನೋಡಿದೆ. ಆಯಿಲ್ ಗುರುತಿನವರೆಗೂ ಇತ್ತು. ಕೆಳಗೆ ಮಲಗಿ ನೋಡಿದೆ, ಎಲ್ಲೂ ಸೋರಿರಲಿಲ್ಲ. ಆಯಿಲ್ ಇದೆ, ಒತ್ತಡ ಇಲ್ಲ. ಹನ್ನೊಂದು ವರ್ಷ ಕಲಿತದ್ದರಲ್ಲಿ ಇದಕ್ಕೆ ಉತ್ತರ ಸಿಗಲಿಲ್ಲ.

"ಏನಾಯ್ತು ಮೇಸ್ತ್ರಿ?" ಮುಂದಿನ ಸೀಟಿನಲ್ಲಿದ್ದ ಸಾಹೇಬರು ಕೇಳಿದರು.

"ಮೀಟರ್ ಕೆಟ್ಟಿರ್ಬೇಕು ಸಾಹೇಬ್ರೆ. ಹಳೇದಲ್ವಾ." ಹೇಳುವಾಗ ಅದೇ ನಿಜವಿರಲಿ ಎಂದು ದೇವರನ್ನು ಕೇಳಿಕೊಂಡೆ.

ಮತ್ತೆ ಓಡಿಸಿದೆ. ಐದಾರು ಕಿಲೋಮೀಟರ್ ಆದಮೇಲೆ ಎಂಜಿನ್ನಿನ ಹೊಟ್ಟೆಯೊಳಗೆ ಸುತ್ತಿಗೆಯಲ್ಲಿ ಬಡಿದಂತೆ ಕಟ ಕಟ ಶುರುವಾಯಿತು. ಆಫ್ ಮಾಡಿದೆ. ಒಂದು ಹೊಂಗೆ ಮರದ ಕೆಳಗೆ ಕಾರು ತಾನಾಗಿ ನಿಂತಿತು. ಮತ್ತೆ ಸ್ಟಾರ್ಟ್ ಮಾಡಬಾರದು ಎಂಬುದೊಂದು ಮಾತ್ರ ನನಗೆ ಗೊತ್ತಿತ್ತು.

"ಇನ್ನೆಷ್ಟು ದೂರ ಬೇಟಾ?" ಬೀಬಿಯವರ ಮಡಿಲಲ್ಲಿ ಅಕ್ಕನಿಗೆ ತಂದಿದ್ದ ಟಿಫನ್ ಕ್ಯಾರಿಯರ್ ಇತ್ತು.

"ಹತ್ತು ಕಿಲೋಮೀಟರ್ ಅಮ್ಮ."

"ಹತ್ತೇನಾ?"

ಗೌರಿಬಿದನೂರಿನ ಬಸ್ ಬಂತು. ಕೈ ಅಡ್ಡ ಹಿಡಿದೆ. ಕಂಡಕ್ಟರ್ ಒಳ್ಳೆಯವನು. "ಬನ್ನಿ ಅಮ್ಮ, ಎಲ್ರೂ ಸೇರಿ ಹತ್ತಿಸ್ತೀವಿ" ಅಂದ. ಬೀಬಿಯವರು ಬುರ್ಖಾ ಸರಿಮಾಡಿಕೊಂಡು, "ನಾನೇನು ಗೂಡಿನ ಮೂಟೆನೇನಪ್ಪಾ, ಗಂಡಸರು ಎತ್ತಿ ಹಾಕಕ್ಕೆ?" ಅಂದರು. ಇಬ್ಬರು ಹೆಂಗಸರು ಇಳಿದು ಬಂದು ತೋಳು ಹಿಡಿದರು. ಕಾಲು ಮೆಟ್ಟಿಲಿನ ಎತ್ತರಕ್ಕೆ ಏಳಲಿಲ್ಲ. ಇನ್ನೊಮ್ಮೆ ಎತ್ತಿದರು. ಅವರ ಬಾಯಿಂದ ಬಂದ ನೋವಿನ ಸದ್ದು ಕೇಳಿ ಮೆಲ್ಲಗೆ ಕೆಳಗಿಳಿಸಿದರು. ಬಸ್ ಹೋಯಿತು. ಅವರು ಮತ್ತೆ ಬೆನ್ನು ತಿರುಗಿಸಿ ಕಾರಿನಲ್ಲೇ ಕೂತರು.

ನಾನು ಬಾನೆಟ್ ತೆರೆದೆ, ಮುಚ್ಚಿದೆ. ಸ್ಪ್ಯಾನರ್ ಹಿಡಿದು ನಿಂತೆ. ಏನನ್ನು ಬಿಚ್ಚಲಿ? ಸಾಹೇಬರು ಮರದ ನೆರಳಿನಲ್ಲಿ ಕರವಸ್ತ್ರ ಹಾಸಿ ಕೂತಿದ್ದರು. ಬೈದಿದ್ದರೆ ಚೆನ್ನಾಗಿತ್ತು.

ಮಧ್ಯಾಹ್ನ ಮೂರಕ್ಕೆ ಒಂದು ಟ್ರ್ಯಾಕ್ಟರ್ ಬಂತು, ಹಗ್ಗವೂ ಇತ್ತು. ಆದರೆ ಅದು ಹೋಗುತ್ತಿದ್ದುದು ಚಿಕ್ಕಬಳ್ಳಾಪುರದ ಕಡೆಗೆ. "ಗೌರಿಬಿದನೂರಿಗೆ ಎಳ್ಕೊಡಪ್ಪ, ಹತ್ತೇ ಕಿಲೋಮೀಟರ್" ಎಂದು ಕೈಮುಗಿದೆ.

"ಕತ್ಲಾಗೋದ್ರೊಳ್ಗೆ ಊರು ಸೇರ್ಬೇಕಣ್ಣ. ಟ್ರಾಲಿ ತುಂಬ ಲೋಡೈತೆ, ಹಿಂದಕ್ಕೆ ತಿರುಗ್ಸಕ್ಕಾಗಲ್ಲ. ಬಂದ್ರೆ ಈ ಕಡೆಗೆ ಬನ್ನಿ."

ಕಾರನ್ನು ತಳ್ಳಿ, ಬಂದ ದಾರಿಗೇ ತಿರುಗಿಸಿದೆವು. ಹಗ್ಗ ಕಟ್ಟಿದ ಕಾರಿನ ಸ್ಟೇರಿಂಗ್ ಹಿಡಿದು ನಾನು ಕೂತಿದ್ದೆ. ಕನ್ನಡಿಯಲ್ಲಿ ನೋಡಿದರೆ ಬೀಬಿಯವರು ಕತ್ತು ತಿರುಗಿಸಿ ಹಿಂದಿನ ಗಾಜಿನಲ್ಲಿ ಗೌರಿಬಿದನೂರಿನ ರಸ್ತೆಯನ್ನೇ ನೋಡುತ್ತಿದ್ದರು.

ಟ್ರ್ಯಾಕ್ಟರ್ ಬಿಟ್ಟ ಕಡೆಯಿಂದ ಇನ್ನೊಂದು ಗಾಡಿಗೆ ಕಟ್ಟಿ ಶೆಡ್ಡಿಗೆ ತಂದು, ಎಂಜಿನ್ನಿನ ಕೆಳಗೆ ಆಯಿಲ್ ನಿಲ್ಲುವ ಚೇಂಬರ್ ಬಿಚ್ಚಿದೆ. ತಳದಲ್ಲಿ ಆಯಿಲ್ ಹೀರುವ ಜಾಲರಿ ಕಾಣುತ್ತಲೇ ಇರಲಿಲ್ಲ. ರಾಗಿ ಮುದ್ದೆ ಮೆತ್ತಿದ ಹಾಗೆ ಕಪ್ಪು ಗಸಿ ಮೆತ್ತಿಕೊಂಡಿತ್ತು. ಬೇರಿಂಗುಗಳ ಬಿಳಿ ಲೋಹ ಕರಗಿ ಹೋಗಿತ್ತು. ಆ ಬೇರಿಂಗುಗಳಲ್ಲಿ ತಿರುಗುವ ಕಬ್ಬಿಣದ ದಂಡವಾದ ಕ್ರ್ಯಾಂಕನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ಬೆಂಗಳೂರಿಗೆ ಹೊತ್ತೊಯ್ದೆ. ಬಿಳಿ ಲೋಹ ಎರಕ ಹೊಯ್ಯುವ ಒಬ್ಬ ಮುದುಕರು ಎಲ್ಲ ಕೇಳಿ ತಲೆಯಾಡಿಸಿದರು.

"ಹೊಸ ಆಯಿಲ್‌ನಲ್ಲಿ ಸೋಪಿನ ಗುಣ ಇರುತ್ತಪ್ಪ. ಆ ಕಾಲದ ಎಂಜಿನ್‌ಗೆ ಫಿಲ್ಟರ್ ಇಲ್ಲ. ಮೂವತ್ತು ವರ್ಷದ ಕೊಳೆ ಒಂದು ಮೂಲೇಲಿ ಅಂಟ್ಕೊಂಡು ಸುಮ್ನೆ ಮಲಗಿತ್ತು, ನೀನು ಎಬ್ಬಿಸ್ದೆ. ಮೊದ್ಲು ಚೇಂಬರ್ ಬಿಚ್ಚಿ ತೊಳೀಬೇಕಿತ್ತು. ಇಲ್ಲ, ಅದಕ್ಕೆ ಒಗ್ಗಿದ್ದ ಸಾದಾ ಆಯಿಲ್ಲೇ ಹಾಕ್ಕೊಂಡು ಇರ್ಬೇಕಿತ್ತು. ಪುಸ್ತಕ ಇರ್ಲಿಲ್ವಾ?"

"ಇತ್ತು" ಅಂದೆ.

ಅವರು ಕ್ರ್ಯಾಂಕನ್ನು ಒರೆಸಿ ಬೆಳಕಿಗೆ ಹಿಡಿದು ತೋರಿಸಿದರು. ಕೂದಲಿನಷ್ಟು ಸಣ್ಣ ಬಿರುಕು ಇತ್ತು. ಅದಕ್ಕೆ ಎರಕ ಹೊಯ್ದು ಉಪಯೋಗವಿರಲಿಲ್ಲ, ಬೇರೆ ಕ್ರ್ಯಾಂಕೇ ಬೇಕು. ಒಂದೂವರೆ ವರ್ಷ ಹುಡುಕಿದೆ. ಬೆಂಗಳೂರಿನ ಗುಜರಿಗಳು, ಹಿಂದೂಪುರ, ಮದ್ರಾಸು. ಆ ಕಾರಿನ ದೀಪ ಸಿಕ್ಕಿತು, ಬಾಗಿಲಿನ ಹಿಡಿ ಸಿಕ್ಕಿತು, ಕ್ರ್ಯಾಂಕ್ ಸಿಗಲಿಲ್ಲ. ನಡುವೆ ಒಂದು ವ್ಯಾನಿನ ಸೀಟು ತೆಗೆದು, ಕುರ್ಚಿ ಕಟ್ಟಿ, ಹತ್ತಲು ಹಲಗೆ ಇಳಿಜಾರು ಮಾಡಿ ಬೀಬಿಯವರನ್ನು ಕೂರಿಸಿ ನೋಡಿದೆ. ಊರೊಳಗಿನ ಕೋಟೆ ವೃತ್ತ ದಾಟುವ ಮುಂಚೆಯೇ, "ಸಾಕು ಬೇಟಾ, ಇಳಿಸ್ಬಿಡು, ಎಲುಬು ಕಿತ್ತು ಬರ್ತದೆ" ಅಂದರು.

೧೯೯೪ರಲ್ಲಿ ಒಂದು ದಿನ ತಡೆಯಲಾರದೆ ಸಾಹೇಬರ ಮನೆಗೆ ಹೋಗಿ ಹೇಳಿದೆ. "ಪುಸ್ತಕದಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ ಸಾಹೇಬ್ರೆ. ನನಗೆ ಇಂಗ್ಲಿಷ್ ಓದಕ್ಕೆ ಬರಲ್ಲ. ಅವತ್ತು ಸುಳ್ಳು ಹೇಳ್ದೆ."

"ಗೊತ್ತಿತ್ತು ಮೇಸ್ತ್ರಿ" ಅಂದರು ಅವರು. "ನಿಮ್ಗೆ ಬರೋ ಇಂಗ್ಲಿಷ್ ಕಾಗದ ನಮ್ಮ ಗುಮಾಸ್ತನ ಹತ್ರ ತಾನೇ ಓದಿಸ್ತಿದ್ರಿ?"

"ಮತ್ತೆ ಯಾಕೆ ಸುಮ್ಮನಿದ್ರಿ?"

"ಜನ ನಿಂತಿದ್ರು. ನಿಮ್ಮ ಶೆಡ್ಡು, ನಿಮ್ಮ ಕೆಲಸ. ಅವ್ರೆದುರಿಗೆ ನಿಮ್ಗೆ ಓದಕ್ಕೆ ಬರಲ್ಲ ಅಂತ ನಾನು ಹೇಗೆ ಹೇಳ್ಲಿ? ಮರ್ಯಾದೆ ಅಂತ ಒಂದಿದೆಯಲ್ಲ."

ಪರದೆಯ ಆ ಕಡೆಯಿಂದ ಬೀಬಿಯವರ ದನಿ ಬಂತು. ಅವರು ಅಲ್ಲಿ ಕೂತಿದ್ದಾರೆಂದು ನನಗೆ ತಿಳಿದಿರಲಿಲ್ಲ.

"ಅವ್ರ ಮರ್ಯಾದೆ ನೀವು ಉಳಿಸಿದ್ರಿ, ಅವ್ರ ಸುಳ್ಳು ಅವ್ರು ಉಳಿಸ್ಕೊಂಡ್ರು. ಚೆನ್ನಾಯ್ತು. ನಾನು ಆಪಾನ ನೋಡಿ ಎಷ್ಟು ದಿನ ಆಯ್ತು, ಇಬ್ರಲ್ಲಿ ಒಬ್ರು ಹೇಳಿ?"

ಸಾಹೇಬರು ತಮ್ಮ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದರು. ನಾನು ಎದ್ದು ಬಂದುಬಿಟ್ಟೆ.

ಅವರ ಅಕ್ಕ ಮರುವರ್ಷ ತೀರಿಕೊಂಡರು. ಸಾಹೇಬರು ಬೇರೆ ಊರಿನಲ್ಲಿದ್ದ ತಮ್ಮ ಮಗನ ಜೊತೆ ಮಣ್ಣಿಗೆ ಹೋಗಿ ಬಂದರು. ಬೀಬಿಯವರಿಗೆ ಹೋಗಲಾಗಲಿಲ್ಲ. ಕಾರನ್ನು ಹಳೆಯ ಗಾಡಿಗಳನ್ನು ಸಂಗ್ರಹಿಸುವ ಬೆಂಗಳೂರಿನ ಯಾರೋ ಒಬ್ಬರು ಲಾರಿಯಲ್ಲಿ ಹೇರಿಕೊಂಡು ಹೋದರು. ಹೇರಲು ನಾನೂ ಭುಜ ಕೊಟ್ಟೆ.

ಈಗ ನನಗೆ ಎರಡು ಶೆಡ್ಡುಗಳಿವೆ, ಶಿಡ್ಲಘಟ್ಟದಲ್ಲಿ ಒಂದು, ಚಿಕ್ಕಬಳ್ಳಾಪುರದಲ್ಲಿ ಒಂದು. ಕೆಲಸದವರು ಆರು ಜನ. ಗಾಡಿ ಎತ್ತುವ ಲಿಫ್ಟ್ ಎರಡು, ಕಂಪ್ರೆಸರ್ ಒಂದು. ಸ್ವಂತ ಮನೆ ಒಂದು, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಆಯಿಲ್ ಹನ್ನೊಂದು ಬಗೆಯದು ಇಟ್ಟಿದ್ದೇನೆ. ರಿಪೇರಿಗೆ ಬಂದು ನಿಂತಿರುವ ಗಾಡಿಗಳು ಇವತ್ತಿಗೆ ಒಂಬತ್ತು. ಅವುಗಳಲ್ಲಿ ಹಳೆಯ ಕಾರು ಒಂದೂ ಇಲ್ಲ, ಬಂದರೂ ನಾನು ತೆಗೆದುಕೊಳ್ಳುವುದಿಲ್ಲ.