ಲಾಲಸಾಬನ ಎಡಗಾಲು

ಆ ಟ್ರಕ್ಕಿನ ಗೇರ್‌ಬಾಕ್ಸ್ ಸುಟ್ಟಿದ್ದು ಲಾಲಸಾಬನ ಎಡಗಾಲಿನಿಂದ ಅಲ್ಲ. ನನ್ನ ಕೈಯಿಂದ. ಇಷ್ಟು ಹೇಳಲು ಇಷ್ಟು ವರ್ಷ ಬೇಕಾಯಿತು — ಹೇಳಿದ ಮೇಲೂ ಎದೆ ಹಗುರಾಗುತ್ತಿಲ್ಲ.

ಆಳಂದದ ಬಸ್ ನಿಲ್ದಾಣದ ಹಿಂದೆ ನನ್ನ ಗ್ಯಾರೇಜು. ಲಾರಿ ರಿಪೇರಿಯಲ್ಲಿ ನನ್ನ ಹೆಸರು ಜೇವರ್ಗಿಯವರೆಗೂ ಓಡಾಡುತ್ತಿತ್ತು, ನನ್ನ ತಲೆಗೂ ಏರಿತ್ತು. ಅಫಜಲಪುರದ ಸಾವಕಾರರೊಬ್ಬರು ಯಾವುದೋ ಗಣಿಯ ಹರಾಜಿನಲ್ಲಿ ಹಳೆಯ ಟ್ರಕ್ಕೊಂದನ್ನು ಹಿಡಿದು ತಂದರು, ನೀರಿನ ಟ್ಯಾಂಕರ್ ಮಾಡಲೆಂದು. ಆಟೋಮ್ಯಾಟಿಕ್ ಗೇರ್ — ಕ್ಲಚ್ ಪೆಡಲ್ಲೇ ಇಲ್ಲ. ಗೇರ್ ಜಾರುತ್ತಿತ್ತು. ಹೈದರಾಬಾದಿಗೆ ಕಳಿಸಿರಿ ಎಂದು ಎಲ್ಲರೂ ಹೇಳಿದರು. "ಯಾಕ್ರಿ, ನಾ ಏನ್ ಸತ್ತೀನೇನು?" ಎಂದೆ. ಅಂಥ ಗೇರ್‌ಬಾಕ್ಸನ್ನು ಅದಕ್ಕೂ ಮೊದಲು ನಾನು ಬಿಚ್ಚಿಯೇ ಇರಲಿಲ್ಲ.

ನಮ್ಮ ಮಾಮೂಲಿ ಲಾರಿಯ ಕ್ಲಚ್ ಪ್ಲೇಟಿಗೆ ಒಂದು ಹನಿ ಎಣ್ಣೆ ತಾಗಿದರೂ ಕೆಲಸ ಕೆಟ್ಟಿತು. ಒರೆಸುವುದು, ಒಣಗಿಸುವುದು — ನನ್ನ ಕೈಗೆ ಗೊತ್ತಿದ್ದದ್ದು ಅದೊಂದೇ. ಈ ಗಾಡಿಯಲ್ಲಿ ಪ್ಲೇಟುಗಳು ಒಂದು ಡ್ರಮ್ಮಿನೊಳಗೆ ರೊಟ್ಟಿ ಅಟ್ಟಿಯ ಹಾಗೆ ಒಂದರ ಮೇಲೊಂದು ಕೂತಿರುತ್ತವೆ. ಸೋಲಾಪುರದಿಂದ ಹೊಸವನ್ನು ತರಿಸಿದೆ. ಪೆಟ್ರೋಲಿನಲ್ಲಿ ತೊಳೆದೆ, ಬಟ್ಟೆಯಲ್ಲಿ ಒರೆಸಿದೆ, ಬಿಸಿಲಿಗಿಟ್ಟೆ, ಒಣಗಿದ ಪ್ಲೇಟುಗಳನ್ನೇ ಜೋಡಿಸಿ ಮುಚ್ಚಿದೆ. ಅವನ್ನು ಎಣ್ಣೆಯಲ್ಲಿ ಚೆನ್ನಾಗಿ ನೆನೆಸಿ ಜೋಡಿಸಬೇಕಿತ್ತು... ನನಗೆ ಗೊತ್ತಿರಲಿಲ್ಲ. ಅಲ್ಲಿಯವರೆಗೂ ಅದು ಬರೀ ತಪ್ಪು.

ಆ ಗಾಡಿಯ ಡ್ರೈವರ್ ಇಜೇರಿಯ ಲಾಲಸಾಬ, ನನ್ನ ಹಳೆಯ ದೋಸ್ತ. ಹಿಂದೆ ಮಲಗಿದ ಕೂಸು ಎಚ್ಚರಾಗದಂತೆ ತುಂಬಿದ ಲಾರಿ ಓಡಿಸುವವನು. ಕೆಲವೇ ದಿನಕ್ಕೆ ಜೇವರ್ಗಿ ದಾರಿಯ ಏರಿನಲ್ಲಿ ನೀರು ತುಂಬಿದ ಟ್ಯಾಂಕರ್ ಹೊಗೆ ಕಾರಿ ನಿಂತಿತು. ಎಳೆದು ತಂದರು. ಸಾವಕಾರರೂ ಲಾಲಸಾಬನೂ ನೋಡುತ್ತಿದ್ದಂತೆಯೇ ಬಿಚ್ಚಿದೆ. ಪ್ಲೇಟುಗಳು ಸುಟ್ಟು ಕರಕಾಗಿದ್ದವು. ಆ ಕಮಟು ವಾಸನೆ — ಇವತ್ತಿಗೂ ಹಂಚಿನ ಮೇಲೆ ರೊಟ್ಟಿ ಸೀದರೆ ನಾನು ಊಟ ಬಿಟ್ಟು ಏಳುತ್ತೇನೆ.

ಬದಿಗೆ ಹೋಗಿ ಸೋಲಾಪುರದ ಅಂಗಡಿಗೆ ಫೋನ್ ಮಾಡಿದೆ. ಅಂಗಡಿಯವನು ಕೇಳಿದ್ದು ಒಂದೇ ಮಾತು: "ಎಣ್ಣ್ಯಾಗ ನೆನಸಿ ಹಾಕಿದ್ರಿಲ್ಲ?"

ಫೋನ್ ಇಟ್ಟೆ. ತಿರುಗಿದರೆ ಸಾವಕಾರರು, "ಏನಾಗ್ಯಾದ ಮಿಸ್ತ್ರಿ?" ಎಂದರು. ನಾನು ಲಾಲಸಾಬನ ಕಡೆ ನೋಡಿದೆ — ಅಯ್ಯೋ, ಯಾಕೆ ನೋಡಿದೆನೋ.

"ಇವನ ಎಡಗಾಲ್ ಸುಮ್ನ ಕೂಡಂಗಿಲ್ರಿ. ಕ್ಲಚ್ ಅಂತ ತಿಳ್ಕೊಂಡು ಬ್ರೇಕ್ ಮ್ಯಾಲೇ ಇಟ್ಟು ಓಡಿಸ್ಯಾನ. ಸುಡದೆ ಏನ್ ಮಾಡ್ತದ?"

ಅವನು ಜಗಳಾಡಿದ್ದರೆ ನಾನು ಬಾಯಿ ಬಿಡುತ್ತಿದ್ದೆನೋ ಏನೋ... ಇಲ್ಲ, ಇದೂ ಸುಳ್ಳು, ಬಿಡುತ್ತಿರಲಿಲ್ಲ. ಅವನು ತನ್ನ ಕಾಲನ್ನೇ ನೋಡಿಕೊಂಡು, "ಹುಟ್ಟಾ ಕ್ಲಚ್ ತುಳದ ಕಾಲರಿ ಉಸ್ತಾದ್... ನನಗ ಗೊತ್ತಾಗ್ದಂಗ ಒತ್ತಿರಬೇಕು" ಎಂದ. ಆ ಒಳ್ಳೆಯ ಮನುಷ್ಯ ನನ್ನ ಸುಳ್ಳಿಗೆ ತಾನೇ ಸಾಕ್ಷಿ ಹೇಳಿದ.

ಸಾವಕಾರರು ಅವನನ್ನು ಕೆಲಸದಿಂದ ಬಿಡಿಸಿದರು. ಮರುದಿನ ಅವನ ಹೆಂಡತಿ ಖಾಸಿಂಬಿ ಇಜೇರಿಯಿಂದ ನನ್ನ ಗ್ಯಾರೇಜಿಗೇ ಬಂದಳು. "ಅಣ್ಣಾ, ಅವರ ಕಾಲ್ ತಪ್ಪು ಮಾಡೋ ಕಾಲಲ್ರಿ. ನಿಮ್ಮ ಕೈ ಒಂದ್ಸಲ ನೋಡ್ಕೋರಿ" ಎಂದಳು. ಕೆಲಸದವರೆಲ್ಲ ಕೇಳುತ್ತಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. "ಗಾಡಿ ವಿಷಯ ನಿನಗೇನ್ ತಿಳೀತದ ಬೇ? ಮನಿಗಿ ಹೋಗಿ ರೊಟ್ಟಿ ಬಡಿ" ಎಂದು ಎಲ್ಲರೆದುರು ನಗಾಡಿ ಕಳಿಸಿದೆ.

ಲಾಲಸಾಬ ಆಮೇಲೆ ಸ್ಟೇರಿಂಗ್ ಹಿಡಿಯಲಿಲ್ಲ. ಬೇರೆಯವರು ಕರೆದರೂ ಹೋಗಲಿಲ್ಲ. ತೊಗರಿ ಗೋದಾಮಿನ ಕಾವಲಿಗೆ ಸೇರಿದ. ಎಲ್ಲೇ ಕುಳಿತರೂ ಎಡಗಾಲನ್ನು ತೊಡೆಯ ಕೆಳಗೆ ಮಡಚಿ ಇಟ್ಟುಕೊಳ್ಳುತ್ತಾನೆ, ತುಂಟ ಹುಡುಗನನ್ನು ಹಿಡಿದು ಕೂರಿಸಿದ ಹಾಗೆ. ಅದನ್ನು ನೋಡಿದಾಗಲೆಲ್ಲ ನಾನು ಮುಖ ತಿರುಗಿಸಿದ್ದೇನೆ. ಕಣ್ಣು ಮುಚ್ಚಿದರೂ ಆ ಮಡಚಿದ ಕಾಲು ಹೋಗುವುದಿಲ್ಲ.

ಹೋದ ತಿಂಗಳು ಚಹಾದಂಗಡಿಯಲ್ಲಿ ಸಿಕ್ಕ. ಖಾಸಿಂಬಿಗೆ ಲಕ್ವಾ ಹೊಡೆದಿದೆ ಎಂದ. "ಮಗ್ಗಲ ಮನಿ ಜೀಪ್ ಅಂಗಳದಾಗೇ ನಿಂತಿತ್ರಿ, ಕೀಲಿನೂ ಅದರಾಗೇ ಇತ್ತು. ನನ್ನ ಕಾಲಿನ ಮ್ಯಾಲ ನನಗ ಭರೋಸಾ ಇಲ್ಲಲ್ಲ — ಡ್ರೈವರನ್ನ ಹುಡುಕ್ಕೋತ ಊರೆಲ್ಲಾ ಓಡಿದೆ. ದವಾಖಾನಿ ಮುಟ್ಟೋದ್ರಾಗ ಭಾಳ ತಡಾ ಆತು. ಜೀವ ಉಳೀತು, ಮಾತು ಹೋತು." ಎದುರಿಗಿದ್ದ ಚಹಾ ಆರುತ್ತಿತ್ತು. ಆಮೇಲೆ ನನ್ನ ಕೈ ಹಿಡಿದು ಅಂದ, "ಆವತ್ತು ನೀವು ಖರೇ ಹೇಳಿದ್ದು ಚಲೋ ಆತ್ರಿ ಉಸ್ತಾದ್. ಇಲ್ಲಾಂದ್ರ ಈ ಕಾಲಿಂದ ಯಾರನ್ನ ಕೊಲ್ತಿದ್ನೋ."

ನಾನು ಕೈ ಬಿಡಿಸಿಕೊಂಡು ಎದ್ದು ಬಂದೆ. ಅಲ್ಲೇ ಹೇಳಬಹುದಿತ್ತು.

ನಾಳೆ ಇಜೇರಿಗೆ ಹೋಗುತ್ತೇನೆ. ಖಾಸಿಂಬಿಯ ಹಾಸಿಗೆಯ ಮುಂದೆಯೇ ಅವನನ್ನು ಕೂರಿಸಿಕೊಂಡು ಹೇಳುತ್ತೇನೆ — ನಿನ್ನ ಕಾಲು ನೆಟ್ಟಗಿತ್ತು ಲಾಲಸಾಬ, ಕೆಟ್ಟಿದ್ದು ನನ್ನ ಕೈ, ಆಮೇಲೆ ನನ್ನ ಬಾಯಿ. ಅವನು ಹೊಡೆದರೆ ಹೊಡೆಸಿಕೊಳ್ಳುತ್ತೇನೆ. ಆದರೆ ಆಕೆ — "ನಾ ಆವತ್ತೇ ಹೇಳಿದ್ನಲ್ಲ" ಎಂದು ನನ್ನ ಮುಖಕ್ಕೆ ಉಗಿಯಬೇಕಾದವಳು ಆಕೆ. ಆಕೆಗೆ ಈಗ ಮಾತಿಲ್ಲ.