ಗುಂಗುರು ಹಿಡಿಯುವ ದೊಡ್ಡಪ್ಪ
ಓತಿಕ್ಯಾತ ಸಾಕಿರುವ ದೊಡ್ಡಪ್ಪನಿಗೆ ಈಗ ಗುಂಗುರುಗಳದೇ ಗುಂಗು. ಓತಿಕ್ಯಾತನ ಗಾಜಿನ ಪೆಟ್ಟಿಗೆಯೊಳಗೆ ನೆಟ್ಟ ಗಿಡಗಳ ಹಸಿ ಮಣ್ಣಿನಿಂದ ಆ ಪುಟಾಣಿ ನೊಣಗಳು ಏಳುತ್ತಲೇ ಇರುತ್ತವೆ. ದೊಡ್ಡಪ್ಪ ನೀರು ಕಡಿಮೆ ಮಾಡುತ್ತಾರೆ, ಮೇಲ್ಮಣ್ಣು ಕೆದಕಿ ಒಣಗಿಸುತ್ತಾರೆ, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು ಒದ್ದೆ ಕುಂಚದಿಂದ ಒಂದೊಂದನ್ನೇ ಹಿಡಿಯುತ್ತಾರೆ. "ತಿನ್ನೋದು ಬಿಟ್ಟು ನೋಡ್ತಾ ಕೂತಿದ್ದೀಯಲ್ಲೋ ಸೋಮಾರಿ" ಎಂದು ಓತಿಕ್ಯಾತನನ್ನು ಗದರುತ್ತಾರೆ. ಊಟಕ್ಕೆ ಕರೆದರೆ "ಇನ್ನೊಂದೇ ಒಂದು" ಎನ್ನುತ್ತಾರೆ. ಆ ಒಂದು ಎಂದೂ ಮುಗಿದದ್ದಿಲ್ಲ. ನಿನ್ನೆ ಸೊಸೆ ಬೇಸತ್ತು ಸ್ಪ್ರೇ ಡಬ್ಬಿ ತಂದಳು. "ಒಂದ್ಸಲ ಹೊಡೆದುಬಿಡಿ ಮಾವ." ಅವರು ಡಬ್ಬಿಯನ್ನು ಮೆಲ್ಲಗೆ ದೂರ ಸರಿಸಿದರು. "ಗುಂಗುರಿಗೆ ಮಾತ್ರ ತಾಗು ಅಂತ ವಿಷಕ್ಕೆ ಹೇಳೋಕಾಗಲ್ಲಮ್ಮ." ಮೂವತ್ತು ವರ್ಷ ಮನೆಮನೆಗೆ ಹೋಗಿ ಜಿರಳೆ, ತಿಗಣೆಗೆ ಔಷಧಿ ಹೊಡೆದವರು ಅವರು. ಅಷ್ಟು ಹೇಳಿ ಮುಗಿಸುವುದರೊಳಗೆ ಎರಡು ಸಲ ಉಸಿರಿಗಾಗಿ ನಿಲ್ಲಬೇಕಾಯಿತು.